ಗಾಲಿಯ ಅಂದವೂ ಗಾಲಿಯ ಅಳತೆಯೂ

ಸ್ಪೋರ್ಟ್ಸ್ ಕಾರನ್ನು ಕೊಂಡವರು ಮೊದಲು ಕೈಹಾಕುವುದು ಅದರ ಗಾಲಿಗಳಿಗೆ. ಕಾರ್ಖಾನೆಯು ತೊಡಿಸಿ ಕಳುಹಿದ ಗಾಲಿಗಳು ಮಾಲೀಕನ ಕಣ್ಣಿಗೆ ಕಿರಿದಾಗಿಯೂ ಮಡ್‌ಗಾರ್ಡಿನೊಳಗೆ ಹುದುಗಿದಂತೆಯೂ ತೋರುತ್ತವೆ. ಅಂಗಡಿಯಲ್ಲಿ ಥಳಥಳಿಸುವ ದೊಡ್ಡ ಗಾಲಿಯನ್ನು ಕಂಡೊಡನೆ ಮನಸ್ಸು ಅತ್ತ ಹರಿಯುವುದು ಸಹಜವೇ. ಈ ಆಸೆಯನ್ನು ನಾವು ಹಳಿಯುವುದಿಲ್ಲ. ಆದರೆ ಗಾಲಿಯು ಬರಿಯ ಒಡವೆಯಲ್ಲ. ಓಡುವ ಕಾರಿಗೂ ನೆಲಕ್ಕೂ ಇರುವ ಏಕಮಾತ್ರ ಸಂಬಂಧವೇ ಅದು. ಅದನ್ನು ಕಣ್ಣಂದಾಜಿನಿಂದ ಆರಿಸುವ ಪದ್ಧತಿ ನಿಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕೊಳ್ಳುವವರು ವ್ಯಾಸವನ್ನು ಕೇಳುತ್ತಾರೆ, ಬೆಲೆಯನ್ನು ಕೇಳುತ್ತಾರೆ. ಆಫ್‌ಸೆಟ್ ಎಷ್ಟೆಂದು ಕೇಳುವವರು ವಿರಳ. ಗಾಲಿಯ ಅಗಲದ ನಡುಗೆರೆಯಿಂದ, ಅದು ಹಬ್‌ಗೆ ಕೂಡುವ ಮುಖದವರೆಗಿನ ಅಂತರವೇ ಆಫ್‌ಸೆಟ್. ಈ ಅಂಕಿ ಕುಗ್ಗಿದಷ್ಟೂ ಗಾಲಿ ಹೊರಕ್ಕೆ ಸರಿಯುತ್ತದೆ. ಹಿಗ್ಗಿದಷ್ಟೂ ಒಳಕ್ಕೆ ಸೇರುತ್ತದೆ.

ಒಂದು ನಿದರ್ಶನವನ್ನು ನೋಡೋಣ. 2012ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ಟೊಯೋಟಾ 86 ಕಾರಿಗೆ 17 ಇಂಚು ವ್ಯಾಸ, 7 ಇಂಚು ಅಗಲ, 48 ಮಿಲಿಮೀಟರ್ ಆಫ್‌ಸೆಟ್ ಉಳ್ಳ ಗಾಲಿಗಳಿದ್ದವು. ಅದೇ ಆಫ್‌ಸೆಟ್ಟಿನ 8 ಇಂಚು ಅಗಲದ ಗಾಲಿಯನ್ನು ತೊಡಿಸಿದರೆ, ಒಳಗೂ ಹೊರಗೂ 12.7 ಮಿಲಿಮೀಟರಿನಷ್ಟು ಅದು ಚಾಚಿಕೊಳ್ಳುತ್ತದೆ. ಆಫ್‌ಸೆಟ್ಟನ್ನು 35ಕ್ಕೆ ಇಳಿಸಿದರೆ ಒಳಅಂಚು ಮೊದಲಿದ್ದೆಡೆಯಲ್ಲೇ ನಿಂತು, ಹೊರಅಂಚು ಸುಮಾರು 26 ಮಿಲಿಮೀಟರ್ ಮುಂದಕ್ಕೆ ಬರುತ್ತದೆ. ಒಳಕ್ಕೆ ಹೆಚ್ಚು ಸೇರಿದರೆ ಟೈರು ಸಸ್ಪೆನ್ಷನ್ನಿನ ಕಂಬವನ್ನು ಉಜ್ಜೀತು. ಹೊರಕ್ಕೆ ಹೆಚ್ಚು ಬಂದರೆ ಮಡ್‌ಗಾರ್ಡಿನ ಅಂಚನ್ನು ಕೆರೆದೀತು. ಅಷ್ಟೇ ಅಲ್ಲ, ಬೇರಿಂಗುಗಳ ಮೇಲೆ ಭಾರ ಹೆಚ್ಚುತ್ತದೆ, ಹಳ್ಳದಲ್ಲಿ ಇಳಿದಾಗ ಸ್ಟಿಯರಿಂಗು ಕೈಯನ್ನು ಜಗ್ಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಇಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ಸಲ್ಲುತ್ತದೆ.

ವ್ಯಾಸದ ವಿಷಯದಲ್ಲಿಯೂ ವಿವೇಕ ಬೇಕು. ಆ ಕಾರಿನ ಮೂಲ ಟೈರು 215/45 ಅಳತೆಯದು. ಅದರ ಪಕ್ಕೆಯ ಎತ್ತರ ಸುಮಾರು 97 ಮಿಲಿಮೀಟರ್. ಇದೇ ಪಕ್ಕೆಯನ್ನು ಉಳಿಸಿಕೊಂಡು 18 ಇಂಚಿನ ಗಾಲಿಗೆ ಹೋದರೆ ಒಟ್ಟು ವ್ಯಾಸ ಶೇಕಡಾ 4ರಷ್ಟು ಬೆಳೆದು, ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. 215/40 ಅಳತೆಯನ್ನು ಆರಿಸಿದರೆ ಒಟ್ಟು ವ್ಯಾಸದ ಭೇದ 4 ಮಿಲಿಮೀಟರಿನೊಳಗೆ ನಿಲ್ಲುತ್ತದೆ. ಆದರೆ ಪಕ್ಕೆ 86ಕ್ಕೆ ತಗ್ಗುತ್ತದೆ. ಮುಂಬಯಿಯ ಮಳೆಗಾಲದ ಹಳ್ಳಗಳನ್ನು ಬಲ್ಲ ನಮ್ಮ ವಾಚಕರಿಗೆ, ಕಳೆದುಕೊಂಡ ಆ 11 ಮಿಲಿಮೀಟರಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರೇಕಿಗೆ ಎಡೆಗೊಡುವಷ್ಟು ವ್ಯಾಸವಿದ್ದರೆ ಸಾಕು. ಅದಕ್ಕೆ ಮೀರಿದ್ದು ಬಹುಪಾಲು ಶೋಭೆಗಷ್ಟೇ. ಗಾಲಿಯ ತೂಕ ಇಳಿದರೆ ಕಾರಿಗೆ ನಿಜವಾದ ಲಾಭವಿದೆ.

ಬೋಲ್ಟುಗಳ ವೃತ್ತ, ನಡುರಂಧ್ರ, ಭಾರಸಾಮರ್ಥ್ಯ ಇವೂ ಹೊಂದಲೇಬೇಕು. ಕಾನೂನನ್ನೂ ಮರೆಯಲಾಗದು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಭಾಗವು, ನೋಂದಣಿ ಪತ್ರದ ವಿವರಗಳು ತಯಾರಕನು ಮೂಲದಲ್ಲಿ ನಿರ್ದಿಷ್ಟಪಡಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ.

ಆದಕಾರಣ ನಮ್ಮ ಸೂಚನೆ ಇಷ್ಟೇ. ಮಾರುವವನು ಅಗಲ, ಆಫ್‌ಸೆಟ್, ಭಾರಸಾಮರ್ಥ್ಯಗಳನ್ನು ರಶೀದಿಯಲ್ಲಿಯೇ ಬರೆದುಕೊಡಲಿ. ಕೊಳ್ಳುವವನು ಮೂಲ ಅಳತೆಯೊಡನೆ ಅದನ್ನು ಹೋಲಿಸಿ, ತಯಾರಕರನ್ನೂ ವಿಮಾ ಸಂಸ್ಥೆಯನ್ನೂ ಕೇಳಿ, ಆಮೇಲೆ ಹಣ ತೆರಲಿ. ಬರೆದುಕೊಡಲೊಪ್ಪದ ಅಂಗಡಿಯಿಂದ ಬರಿಗೈಯಲ್ಲಿ ಹಿಂತಿರುಗುವುದೇ ಲೇಸು. ತಪ್ಪಿದ ಅಳತೆಯ ದಂಡವನ್ನು ತೆರುವವನು ಚಾಲಕನೊಬ್ಬನೇ ಅಲ್ಲ. ಪಕ್ಕದಲ್ಲಿ ಕುಳಿತವರೂ ಎದುರಿನಿಂದ ಬರುವವರೂ ಅದರಲ್ಲಿ ಪಾಲುಗಾರರು.