ಸರಬತ್ತಿನ ಬಣ್ಣದ ವಿಷ ನಮ್ಮ ಮನ್ಯಾಗ ಬ್ಯಾಡ

ಅಕ್ಕಾರ, ವೈನ್ಯಾರ, ನನ್ನ ಮಗ ಕಂಪ್ಯೂಟರಿಗೆ ನೀರಿನ ಪೈಪು ಜೋಡಿಸ್ಯಾನ. ಪ್ರೊಸೆಸರಿನ ಕಾವನ್ನ ನೀರು ಹೊತಗೊಂಡು ರೇಡಿಯೇಟರಿಗೆ ಒಯ್ತದ, ಅಲ್ಲೆ ಫ್ಯಾನು ಆರಸ್ತದ. ಚಹಾ ಬಸಿಗೆ ಸುರುವಿ ಊದಿದಂಗ. ಅದಕ್ಕ ನನ್ನ ತಕರಾರಿಲ್ಲ. ತಕರಾರು ಇರೂದು ಅದರಾಗ ಏನು ಹಾಕಬೇಕು ಅನ್ನೂದ್ರಾಗ.

ಹೋದ ವಾರ ಕಾರಿನ ಹಸಿರು ಕೂಲಂಟ್ ತಂದು, ಉಳದದ್ದನ್ನ ಕುಡಿಯೂ ನೀರಿನ ಬಾಟ್ಲಿಗೆ ಸುರುವಿ ಮೇಜಿನ ಮ್ಯಾಲ ಇಟ್ಟಿದ್ದ. ನಾಕು ವರ್ಷದ ಮೊಮ್ಮಗಳು "ಆಯಿ, ಸರಬತ್ತು!" ಅಂತ ಮುಚ್ಚಳ ತಿರುವಲಿಕ್ಕ ಹತ್ತಿದ್ಲು. ಓಡಿಹೋಗಿ ಕಸಕೊಂಡೆ. ನೆನಿಸಿದ್ರ ಇನ್ನೂ ಕೈ ನಡಗತಾವ.

ಕಾರಿನ ಕೂಲಂಟಿನ್ಯಾಗ ಸಾಮಾನ್ಯವಾಗಿ ಇರೂದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಮಾಡೂ ಕೆಲಸ ಮೂತ್ರಪಿಂಡ ಕೆಡಸೂದು. 2022ರಾಗ ಗ್ಯಾಂಬಿಯಾ ದೇಶದ ಮಕ್ಕಳ ಕೆಮ್ಮಿನ ಸಿರಪ್ಪಿನ್ಯಾಗ ವಿಶ್ವ ಆರೋಗ್ಯ ಸಂಸ್ಥೆ ಕಂಡ ವಿಷಗಳೊಳಗ ಇದೂ ಒಂದು.

"ಅವ್ವಾ, ಇದು ಹೆಪ್ಪುಗಟ್ಟೂದಿಲ್ಲ, ಲಗೂ ಕುದಿಯೂದಿಲ್ಲ" ಅಂತಾನ ಮಗ. ಅಲ್ಲೋ, ಹುಬ್ಬಳ್ಳಿ ಖೋಲ್ಯಾಗ ಎಂದರ ನೀರು ಬರ್ಫ ಆಗೇದೇನು? ಕಂಪ್ಯೂಟರಿನ್ಯಾಗ ನೀರು ಕುದಿಯೂಮಟ್ಟ ಕಾಯ್ತದೇನು? ಕಾವು ಹೊರೂದ್ರಾಗೂ ನೀರ ಮುಂದ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲಿಕ್ಕ ಸುಮಾರು 4.2 ಜೂಲ್ ಹಿಡೀತದ, ಆ ಗ್ಲೈಕಾಲ್ ಸುಮಾರು 2.4 ಅಷ್ಟ.

ಹಂಗಂತ ನಳದ ನೀರೂ ಬ್ಯಾಡ. ಗೀಜರಿನ ಕಾಯಿಲಿಗೆ ಹತ್ತೂ ಬಿಳಿ ಸುಣ್ಣ ನೋಡೀರಲ್ಲ? ತಾಮ್ರದ ಬ್ಲಾಕಿನ ಸಣ್ಣ ಸಂದಿನ್ಯಾಗ ಅದು ಕೂತರ ಮುಗೀತು. ಆರ್‌ಓ ನೀರಿನ್ಯಾಗೂ ಸ್ವಲ್ಪ ಲವಣ ಉಳದಿರತಾವ. ಹಾಲಿನಂಥಾ ಬಣ್ಣದ ದ್ರವ ಚಂದ ಕಾಣತದ ಖರೆ, ಅದರ ಕಣ ತಳಕ್ಕ ಕೂತು ಸಂದು ಮುಚ್ಚತಾವ. ಬಣ್ಣದ ಹುಚ್ಚಿದ್ರ ಬಣ್ಣದ ದೀಪ ಹಚ್ಚಕೊಳ್ಳಲಿ!

ಬೇಕಾಗೂದು ಇಷ್ಟ: ಇನ್ವರ್ಟರ್ ಬ್ಯಾಟರಿಗೆ ಹಾಕತೇವಲ್ಲ, ಆ ಡಿಸ್ಟಿಲ್ಡ್ ವಾಟರ್ (ಆಸಿಡ್ ಅಲ್ಲ ಮತ್ತ!). ಪಾಚಿ ಕಟ್ಟಬಾರದು, ಲೋಹ ಕೆಡಬಾರದು ಅಂತ ಕಂಪ್ಯೂಟರಿಗೇ ಅಂತ ಮಾರೂ ಔಷಧ, ಚೀಟಿ ಹೇಳಿದಷ್ಟ. ಬ್ಲಾಕು ತಾಮ್ರದ್ದಿದ್ರ ರೇಡಿಯೇಟರ್ ಅಲ್ಯೂಮಿನಿಯಂದು ಬ್ಯಾಡ. ಒಂದ ನೀರಿನ್ಯಾಗ ಎರಡೂ ಕೂಡಿದ್ರ ಅಲ್ಯೂಮಿನಿಯಂ ತಿಂದುಹೋಗತದ. ವರ್ಷಕ್ಕೊಮ್ಮೆ ನೀರು ಬದಲಿ ಮಾಡಬೇಕು. ಆ ಔಷಧಾನೂ ಕುಡಿಯೂದಲ್ಲ. ಅದರ ಬಾಟ್ಲಿ ಚೀಟಿ ಸಮೇತ ಕೀಲಿ ಹಾಕೂ ಕಪಾಟಿನ್ಯಾಗ ಇರಬೇಕು, ಉಣ್ಣೂ ತಿನ್ನೂ ಡಬ್ಬಿಗೆ ಎಂದೂ ಸುರುವಬಾರದು.

"ನಿಮಗ ಕಂಪ್ಯೂಟರ್ ತಿಳಿಯೂದಿಲ್ಲ" ಅಂತ ಯಾರರ ಬಾಯಿ ಮುಚ್ಚಿಸಿದ್ರ ಸುಮ್ಮನಿರಬ್ಯಾಡ್ರಿ. ಬಾಟ್ಲಿ ಇಸಗೊಂಡು ಚೀಟಿ ಓದ್ರಿ. ಎಥಿಲೀನ್ ಗ್ಲೈಕಾಲ್ ಅಂತಿದ್ರ ಹೊಸ್ತಿಲ ಹೊರಗ. ಕೂಸು ಕುಡದದಂತ ಸಂಶಯ ಬಂದ್ರೂ ಸಾಕು, ಮನಿ ಔಷಧ ಮಾಡ್ಕೋತ ಕೂಡಬ್ಯಾಡ್ರಿ, ಆ ಬಾಟ್ಲಿ ಹಿಡಕೊಂಡು ಸೀದಾ ದವಾಖಾನಿಗೆ ಹೋಗ್ರಿ. ಕಂಪ್ಯೂಟರ್ ಕೆಟ್ಟರ ಇನ್ನೊಂದು ತರಬಹುದು.