ತಪ್ಪಿದ ಸರಕು, ತಪ್ಪಬಾರದ ಮಾತು

ಚನ್ನಪಟ್ಟಣದ ಬೊಂಬೆಯೂ ಇಳಕಲ್ಲಿನ ಸೀರೆಯೂ ಇಂದು ಆನ್‌ಲೈನ್ ಅಂಗಡಿಗಳ ಮೂಲಕ ದೂರದೂರುಗಳಿಗೆ ಹೋಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಕೆಂಪು ಸೀರೆ ಬೇಡಿದವರಿಗೆ ಹಸುರು ಸೀರೆ ಮುಟ್ಟಿದಾಗ ವರ್ತಕನು ಮೌನ ವಹಿಸುವುದು ವ್ಯಾಪಾರಧರ್ಮವಲ್ಲ. 2020ನೆಯ ಇಸವಿಯ ಇ-ಕಾಮರ್ಸ್ ನಿಯಮಗಳ ಮೇರೆಗೆ, ದೂರು ತಲಪಿತೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸತಕ್ಕದ್ದು. ವರ್ಣಿಸಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸಕೂಡದು. ಗಿರಾಕಿಯ ಖಾತೆಯಲ್ಲಿ ಹಳೆಯ ವಿಳಾಸವೇ ಉಳಿದು ಸರಕು ಬೇರೆಡೆಗೆ ಹೋದರೆ ತಪ್ಪು ವರ್ತಕನದಲ್ಲ. ಆಗಲೂ ಕಟುನುಡಿಯಾಡದೆ ದಾರಿ ತೋರಿಸುವುದು ಲೇಸು. ಆದರೆ ಅವರ ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಎಂದಿಗೂ ಕೇಳಬಾರದು. ಮರುಸಾಗಣೆಯ ವೆಚ್ಚವು ಬಡ ನೇಕಾರನಿಗೆ ಭಾರವೆಂಬುದನ್ನು ನಾವು ಬಲ್ಲೆವು. ಆದರೂ ಒಬ್ಬನ ಉದಾಸೀನದಿಂದ ಇಡೀ ಊರಿನ ಕಸುಬಿಗೆ ತಟ್ಟುವ ಕಳಂಕವು ಅದಕ್ಕಿಂತಲೂ ಭಾರವಾದುದು.