ನೊಂದವಳು ಬರೀ ಸಾಕ್ಷಿಯೇ?

ಸಂಘದ ಅಕ್ಕ-ತಂಗಿಯರೇ,

ಕಮಲಾಪುರದ ಕಡೆಯ ಹೆಣ್ಣುಮಗಳೊಬ್ಬಳು ವರದಕ್ಷಿಣೆ ಕಿರುಕುಳದ ಕೇಸಿಗೆಂದು ಕಲಬುರಗಿಗೆ ಬಂದಿದ್ದಳು. ಜೊತೆಗೆ ನಾನೂ ಹೋಗಿದ್ದೆ. ಬಸ್ಸು ಈಗ ಪುಕ್ಕಟೆ, ನಿಜ. ಆದರೆ ಆ ದಿನದ ಕೂಲಿ ಹೋಯಿತು. ಕೋರ್ಟಿನ ವರಾಂಡದಲ್ಲಿ ಎದುರಿಗೇ ಗಂಡ, ಅತ್ತೆ, ಮೈದುನ. ಸಂಜೆಗೆ ಸಿಕ್ಕಿದ್ದು ಮುಂದಿನ ತಾರೀಖು. ದಾರಿಯಲ್ಲಿ ಕೇಳಿದಳು: "ಮೇಡಂ, ಹೊಡ್ತ ತಿಂದಾಕಿ ನಾ. ಕೇಸಿನ್ಯಾಗ ನನ್ನ ಹೆಸರ ಎಲ್ಲದರಿ?"

ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. ಕೇಸು ನಡೆಯುವುದು ಸರಕಾರ ಮತ್ತು ಆರೋಪಿಗಳ ನಡುವೆ. ದೋಷಾರೋಪ ಪಟ್ಟಿಯಲ್ಲಿ ಆಕೆ ಒಬ್ಬ ಸಾಕ್ಷಿ, ಅಷ್ಟೆ. ಅಪರಾಧದಿಂದ ನೊಂದವರನ್ನೇ ಅಭ್ಯಾಸ ಮಾಡುವ ಶಾಸ್ತ್ರವೊಂದಿದೆ. ಅದರ ಪ್ರಕಾರ ನೊಂದವರಿಗೆ ಪೆಟ್ಟು ಎರಡು ಸಲ ಬೀಳುತ್ತದೆ. ಮೊದಲನೆಯದು ಮನೆಯಲ್ಲಿ, ಎರಡನೆಯದು ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ. "ನೀನೇನು ತಪ್ಪು ಮಾಡಿದಿ?" ಎಂಬ ಪ್ರಶ್ನೆಯೇ ಆ ಎರಡನೇ ಪೆಟ್ಟು.

ಕಾನೂನು ಅಷ್ಟಿಷ್ಟು ಬದಲಾಗಿದೆ. 1983ರಲ್ಲಿ ಬಂದ 498ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಈಗ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಲೇಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕು. ಆರೋಪಿ ಖುಲಾಸೆಯಾದರೆ, ಸರಕಾರ ಸುಮ್ಮನಿದ್ದರೂ ನೊಂದವರೇ ಮೇಲ್ಮನವಿ ಹಾಕಬಹುದು. ಅದಕ್ಕೆ ಪೂರ್ವಾನುಮತಿ ಬೇಡವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ರಾಜ್ಯದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಹೈಕೋರ್ಟಿಗೆ ಹೋಗಬೇಕಾದರೂ ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ. 2013ರಿಂದ ಕಲಬುರಗಿಯಲ್ಲೇ ಕಾಯಂ ಪೀಠವಿದೆ. ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಲು ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ.

ಇಷ್ಟೆಲ್ಲ ಇದ್ದೂ ಆಕೆ ಒಂಟಿಯಾಗಿ ಕೂತಿದ್ದೇಕೆ? ಇದರಲ್ಲಿ ನಮ್ಮ ಪಾಲೂ ಇದೆ. "ಹೊಂದಿಕೊಂಡು ಹೋಗವ್ವ" ಎಂದು ರಾಜಿ ಮಾಡಿಸಿ ಕಳಿಸಿದವರು ನಾವೇ ಅಲ್ಲವೇ? ಸಾಲದ ಕಂತು ತಪ್ಪಿದವಳ ಬಾಗಿಲಿಗೆ ಹತ್ತು ಜನ ಹೋಗುತ್ತೇವೆ. ಹೊಡೆತ ತಿಂದವಳ ಜೊತೆ ತಾರೀಖಿಗೆ ಒಬ್ಬರೂ ಹೋಗುವುದಿಲ್ಲ!

ಇನ್ನು ಮೇಲೆ ಆಕೆಯ ತಾರೀಖುಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯೋಣ. ಸರದಿಯಂತೆ ಇಬ್ಬರು ಜೊತೆಗೆ ಹೋಗೋಣ. ಕಳೆದುಹೋದ ಕೂಲಿಯನ್ನು ಸಂಘದ ಹಣದಿಂದ ತುಂಬಿಕೊಡೋಣ. ರಾಜಿಯೋ, ಹೋರಾಟವೋ, ಅದನ್ನು ಆಕೆಯೇ ತೀರ್ಮಾನಿಸಲಿ. ಮುಂದಿನ ತಾರೀಖಿಗೆ ಆಕೆಯ ಪಕ್ಕದ ಜಾಗ ಖಾಲಿ ಇರಬಾರದು.